ಹಳೇ ಆಫೀಸ್ ಡೆಸ್ಕ್‌ಟಾಪಿಗೆ ಗ್ರಾಫಿಕ್ಸ್ ಕಾರ್ಡ್ ಹಾಕಿದ್ದು

ಹಳೇ ಕಂಪ್ಯೂಟರಿಗೆ ಯಾವ ಗ್ರಾಫಿಕ್ಸ್ ಕಾರ್ಡ್ ಒಳ್ಳೆಯದು ಅಂತ ಕೇಳುವವರಿಗೆಲ್ಲ ನಾನು ಹೇಳುವುದು ಒಂದೇ: ಮೊದಲು ಕ್ಯಾಬಿನೆಟ್ ಬಿಚ್ಚಿ, ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆಲ್ಲ ಕರೆಂಟ್ ಹಂಚುವ ಡಬ್ಬಿ) ಮೇಲಿನ ಸ್ಟಿಕ್ಕರ್ ಓದಿ.

ನನ್ನದು ಡೆಲ್ ಆಪ್ಟಿಪ್ಲೆಕ್ಸ್ 9020 ಮಿನಿ ಟವರ್, ಯಾವುದೋ ಆಫೀಸಿನಲ್ಲಿ ದುಡಿದು ಸೆಕೆಂಡ್ ಹ್ಯಾಂಡ್ ಆಗಿ ಬಂದದ್ದು. ಒಳಗೆ ಇಂಟೆಲ್‌ನ ನಾಲ್ಕನೇ ತಲೆಮಾರಿನ ಐ5-4590 ಪ್ರೊಸೆಸರ್. ನಾನು ಯಕ್ಷಗಾನದ ವಿಡಿಯೊ ಎಡಿಟ್ ಮಾಡುವವನು. ಇಡೀ ರಾತ್ರಿಯ ಆಟ ಎಕ್ಸ್‌ಪೋರ್ಟ್‌ಗೆ (ಎಡಿಟ್ ಆದದ್ದನ್ನು ಒಂದೇ ವಿಡಿಯೊ ಫೈಲ್ ಮಾಡಲು) ಹಾಕಿದರೆ ಪ್ರೊಸೆಸರ್ ಪೂರ್ತಿ ಅದಕ್ಕೇ ಮೀಸಲು. ಅಷ್ಟು ಹೊತ್ತು ಬೇರೇನೂ ಮಾಡುವ ಹಾಗಿಲ್ಲ. ಆ ಹೊರೆ ಇಳಿಸಲಿಕ್ಕೆ ಕಾರ್ಡ್ ಬೇಕಿತ್ತು, ಗೇಮಿಗಲ್ಲ.

ಸ್ಟಿಕ್ಕರಿನಲ್ಲಿ 290 ವ್ಯಾಟ್ ಅಂತಿತ್ತು. ಕಾರ್ಡಿಗೆ ಹೆಚ್ಚಿನ ಕರೆಂಟ್ ಕೊಡುವ 6 ಪಿನ್ನಿನ ವೈರೇ ಇಲ್ಲ. ಬೇರೆ ಎಸ್‌ಎಂಪಿಎಸ್ ಹಾಕೋಣವೆಂದರೆ ಈ ಮದರ್‌ಬೋರ್ಡಿನ ಪವರ್ ಕನೆಕ್ಟರ್ ಮಾಮೂಲಿ 24 ಪಿನ್ನಿನದಲ್ಲ, 8 ಪಿನ್ನಿನದು. ನಡುವೆ ಅಡಾಪ್ಟರ್ ಬೇಕು. ಆ ಉಸಾಬರಿ ಬೇಡವೆಂದರೆ ಬೋರ್ಡಿನಲ್ಲಿ ತಾನು ಕೂರುವ ಸ್ಲಾಟಿನಿಂದಲೇ ಕರೆಂಟ್ ಎಳೆಯುವ ಕಾರ್ಡ್ ಆಗಬೇಕು. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವ್ಯಾಟ್. ಪ್ರೊಸೆಸರಿನ 84, ಕಾರ್ಡಿನ 75, ಡಿಸ್ಕು ಫ್ಯಾನು ಸೇರಿದರೂ 290ರೊಳಗೆ ಆರಾಮ.

ಅಲ್ಲಿಗೆ ಪಟ್ಟಿ ಸಣ್ಣದಾಯಿತು. ಎಎಂಡಿಯ ಆರ್‌ಎಕ್ಸ್ 6400 ಕಡಿಮೆ ಕರೆಂಟಿನದು ನಿಜ, ಆದರೆ ಅದರಲ್ಲಿ ವಿಡಿಯೊ ಎನ್‌ಕೋಡರೇ (ಎಕ್ಸ್‌ಪೋರ್ಟಿನ ಹೊರೆ ಹೊರುವ ಭಾಗ) ಇಲ್ಲ. ಸಾಲದ್ದಕ್ಕೆ ಡೇಟಾ ಓಡಾಡಲು ನಾಲ್ಕೇ ಲೇನ್; ಹಳೇ ಬೋರ್ಡಿನ ನಿಧಾನದ ಪಿಸಿಐ ಎಕ್ಸ್‌ಪ್ರೆಸ್ 3.0 ಸ್ಲಾಟಿನಲ್ಲಿ ಅದರ ಕೈಕಟ್ಟಿದ ಹಾಗೆ. ಎನ್ವಿಡಿಯಾದ ಜಿಟಿಎಕ್ಸ್ 1650 ಸೂಪರ್‌ನ ಎನ್‌ಕೋಡರ್ ಚೆನ್ನಾಗಿದೆ, ಅದಕ್ಕೆ 6 ಪಿನ್ ಬೇಕು. ಉಳಿದದ್ದು 2016ರ ಜಿಟಿಎಕ್ಸ್ 1050 ಟಿಐ, 2019ರ ಜಿಟಿಎಕ್ಸ್ 1650.

ಒಂದು ಅಂಗಡಿಯಲ್ಲಿ 1050 ಟಿಐ ತೋರಿಸಿದರು. "ಒಳ್ಳೇ ಪೀಸ್ ಮಾರಾಯ್ರೆ, ನಿಮ್ಮ ಹಳೇ ಮಾನಿಟರಿಗೂ ಆಗ್ತದೆ" ಅಂದರು. ತಿರುಗಿಸಿ ನೋಡಿದರೆ ಹಿಂದೆ ನೀಲಿ ವಿಜಿಎ ಪೋರ್ಟ್, ಹಳೇ ಮಾನಿಟರುಗಳ ಅನಲಾಗ್ ಕಿಂಡಿ! ಆ ಸರಣಿಯ ಚಿಪ್ಪಿಗೆ ಅನಲಾಗ್ ಔಟ್‌ಪುಟ್ಟೇ ಇಲ್ಲ. ಹಳೇ ಕಾರ್ಡಿನ ಬಯೋಸ್ (ಒಳಗೆ ಬರೆದಿಟ್ಟ ಮೂಲ ಪ್ರೋಗ್ರಾಂ) ತಿದ್ದಿ ಹೊಸ ಹೆಸರು ಅಂಟಿಸುವ ದಂಧೆ ಇದು. ವಿಂಡೋಸ್ ಕೂಡ ಆ ಸುಳ್ಳು ಹೆಸರನ್ನೇ ತೋರಿಸುತ್ತದೆ. ಜಿಪಿಯು-ಝಡ್ ಎಂಬ ಉಚಿತ ಸಾಫ್ಟ್‌ವೇರ್ ಮಾತ್ರ ಹಿಡಿದು ಹಾಕುತ್ತದೆ. ನಾನು ಏನೂ ಹೇಳದೆ ಕಾರ್ಡ್ ವಾಪಸ್ ಇಟ್ಟು ಬಂದೆ.

ಕೊನೆಗೆ ಗೇಮ್ ಆಡುವ ಹುಡುಗನೊಬ್ಬನಿಂದ ಸಿಂಗಲ್ ಫ್ಯಾನಿನ 1650 ಕೊಂಡೆ. ಅವನ ಮನೆಯಲ್ಲೇ ಓಡಿಸಿ ನೋಡಿ, ಅಂಚಿನಲ್ಲಿ ಪವರ್ ಸಾಕೆಟ್ ಇಲ್ಲವೆಂದು ಖಾತ್ರಿ ಮಾಡಿಕೊಂಡೆ. ಕೆಲವು ಕಂಪನಿಗಳ 1650ಗೆ 6 ಪಿನ್ ಇರುತ್ತದೆ, ಜೋಪಾನ.

ಹಾಕುವ ಕೆಲಸ ಏನೂ ದೊಡ್ಡದಲ್ಲ. ವೈರ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ಕರೆಂಟ್ ಖಾಲಿ ಮಾಡಿ, ಧೂಳು ಊದಿ ತೆಗೆದೆ. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಿಟ್ಟಿರಿ. ಕಬ್ಬಿಣದ ಚೌಕಟ್ಟು ಮುಟ್ಟಿ ಮೈಯ ಸ್ಟ್ಯಾಟಿಕ್ ಕಳೆದು ಕಾರ್ಡನ್ನು ಸಮವಾಗಿ ಒತ್ತಿದರೆ ಸ್ಲಾಟಿನ ಕೊಂಡಿ ಟಕ್ ಎನ್ನುತ್ತದೆ. ಇನ್ನು ಮಾನಿಟರ್: ನನ್ನದು ವಿಜಿಎ ಮಾತ್ರ ಇರುವಂಥದ್ದು. ಕಾರ್ಡಿನ ಎಚ್‌ಡಿಎಂಐ (ಡಿಜಿಟಲ್) ಪೋರ್ಟಿನಿಂದ ವಿಜಿಎಗೆ ಬರೀ ಕೇಬಲ್ ಸಾಲದು, ಒಳಗೆ ಚಿಪ್ ಇರುವ ಕನ್ವರ್ಟರೇ ಆಗಬೇಕು. ಬೋರ್ಡಿನ ವಿಜಿಎ ಪೋರ್ಟಿಗೇ ಎರಡನೇ ಮಾನಿಟರ್ ಹಾಕುವವರು ಕಂಪ್ಯೂಟರಿನ ಬಯೋಸಿನ ವಿಡಿಯೊ ವಿಭಾಗದಲ್ಲಿ ಮಲ್ಟಿ-ಡಿಸ್ಪ್ಲೇ ಆನ್ ಮಾಡಬೇಕು.

ಶಾಟ್‌ಕಟ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿನ ಎಕ್ಸ್‌ಪೋರ್ಟಿನಲ್ಲಿ ಹಾರ್ಡ್‌ವೇರ್ ಎನ್‌ಕೋಡರ್ ಟಿಕ್ ಮಾಡಿದ ಮೇಲೆ ಪ್ರೊಸೆಸರ್ ಉಸಿರಾಡುತ್ತಿದೆ, ಕೆಲಸವೂ ಬೇಗ ಮುಗಿಯುತ್ತದೆ. ವೇಷದ ಮಣಿ, ಕನ್ನಡಿಗಳು ಕುಣಿತದ ಚಕ್ರದಲ್ಲಿ ಕಲಸಿಹೋಗುತ್ತಿದ್ದವು; ಬಿಟ್‌ರೇಟ್ (ಸೆಕೆಂಡಿಗೆ ಇಷ್ಟು ಡೇಟಾ ಎಂಬ ಲೆಕ್ಕ) ಏರಿಸಿದೆ, ಫೈಲ್ ದಪ್ಪವಾಯಿತು, ಮಣಿ ಬಿಡಿಬಿಡಿಯಾಗಿ ಕಂಡಿತು. ಎಡಿಟ್ ಮಾಡುವಾಗಿನ ತಡವರಿಕೆ ಮಾತ್ರ ಕಾರ್ಡಿನಿಂದ ಹೋಗಲಿಲ್ಲ. ಅದಕ್ಕೆ ನೆರವಾದದ್ದು ಪ್ರಾಕ್ಸಿ ಫೈಲು (ಎಡಿಟಿಗೆಂದೇ ಮಾಡಿಕೊಳ್ಳುವ ಹಗುರ ನಕಲು) ಮತ್ತು ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕು. ಹಳೇ ಹಾರ್ಡ್‌ಡಿಸ್ಕಿನಲ್ಲೇ ಒದ್ದಾಡುವವರು ಕಾರ್ಡಿಗಿಂತ ಮೊದಲು ಆ ಎಸ್‌ಎಸ್‌ಡಿ ಹಾಕಿಸಿಕೊಳ್ಳಲಿ.