ವ್ಯಸನದ ಸುಳಿವು ಸಿಕ್ಕಾಗ ಮನೆಯವರು ಏನು ಮಾಡಬೇಕು?

ಮನೆಯಲ್ಲೊಬ್ಬರು ಡ್ರಗ್ಸ್‌ಗೆ ಅಂಟಿಕೊಂಡಿದ್ದಾರೆಂಬ ಅನುಮಾನ ಬಂದ ದಿನವೇ ಹೆಚ್ಚಿನವರು ಜೇಬು ತಡಕಿ, ಕೂಗಾಡಿ, ಆಣೆ ಹಾಕಿಸಿಕೊಳ್ಳುತ್ತಾರೆ. ಅದರಿಂದ ಚಟ ಬಿಡುವುದಿಲ್ಲ, ಬಚ್ಚಿಡುವುದು ಹೆಚ್ಚುತ್ತದೆ. ಎಷ್ಟೋ ಮನೆಗಳಲ್ಲಿ ಇದನ್ನು ಕಂಡಿರುವುದರಿಂದಲೇ ಈ ಲೇಖನ.

1. ಇದು ಕಾಯಿಲೆಯೆಂದು ಒಪ್ಪಿಕೊಳ್ಳಿ. ಡ್ರಗ್ಸ್ ಮಿದುಳಿನಲ್ಲಿ ಖುಷಿಗೆ ಸಂಬಂಧಿಸಿದ ಡೋಪಮೈನ್ ಎಂಬ ರಾಸಾಯನಿಕವನ್ನು ಉಕ್ಕಿಸುತ್ತದೆ. ಬರಬರುತ್ತಾ ಮಿದುಳು ಅದಕ್ಕೆ ಒಗ್ಗಿಕೊಂಡು, ಅಷ್ಟೇ ಅಮಲಿಗೆ ಹೆಚ್ಚು ಪ್ರಮಾಣ ಕೇಳುತ್ತದೆ. ಕೊನೆಗೆ ಖುಷಿಗಲ್ಲ, ಸಂಕಟ ತಪ್ಪಿಸಿಕೊಳ್ಳಲು ತೆಗೆದುಕೊಳ್ಳುವ ಸ್ಥಿತಿ ಬರುತ್ತದೆ. 'ಮನಸ್ಸು ಮಾಡಿದರೆ ಬಿಡಬಹುದಿತ್ತು' ಎಂಬ ಮಾತನ್ನು ಇಲ್ಲಿಗೇ ಕೈಬಿಡಿ.

2. ಒಂದೆರಡು ವಾರ ಗಮನಿಸಿ, ಬರೆದಿಡಿ. ಕಣ್ಣಿನ ಪಾಪೆ ತೀರಾ ಕಿರಿದಾಗಿದ್ದರೆ ಹೆರಾಯಿನ್ ಅಥವಾ ಓಪಿಯಾಯ್ಡ್ (ಅಫೀಮಿನಂತೆ ಕೆಲಸ ಮಾಡುವ) ನೋವಿನ ಮಾತ್ರೆ, ಅಗಲವಾಗಿದ್ದರೆ ಕೊಕೇನ್‌ನಂಥ ಉತ್ತೇಜಕ, ಕಣ್ಣು ಕೆಂಪಾಗಿದ್ದರೆ ಗಾಂಜಾ ಇರಬಹುದು. ನಿದ್ದೆಗೆಟ್ಟರೂ ಕಣ್ಣು ಕೆಂಪಾಗುತ್ತದೆ, ಹಾಗಾಗಿ ನಾನು ನಡವಳಿಕೆಯನ್ನೇ ಹೆಚ್ಚು ನಂಬುತ್ತೇನೆ: ಹಳೆಯ ಗೆಳೆಯರು ದೂರವಾಗುವುದು, ಕಾರಣವಿಲ್ಲದೆ ಹಣ ಕೇಳುವುದು, ಹಗಲು ರಾತ್ರಿ ಅದಲುಬದಲಾಗುವುದು, ಇಷ್ಟದ ಕೆಲಸ ಬೇಡವಾಗುವುದು. ಒಂದೇ ಲಕ್ಷಣ ಹಿಡಿದು ತೀರ್ಮಾನಿಸಬೇಡಿ. ಮನೋವೈದ್ಯರು ಬಳಸುವ ಡಿಎಸ್‌ಎಂ-5 ಕೈಪಿಡಿಯಲ್ಲಿ 11 ಲಕ್ಷಣಗಳಿವೆ. 12 ತಿಂಗಳೊಳಗೆ ಕನಿಷ್ಠ 2 ಕಂಡರೆ ಸಮಸ್ಯೆಯೆಂದು ಗುರುತಿಸುತ್ತಾರೆ.

ಮೂತ್ರ ಪರೀಕ್ಷೆಯ ಕಿಟ್ ತಂದು ಕದ್ದು ಪರೀಕ್ಷಿಸುವುದು ಬೇಡ. ಎಷ್ಟೋ ಹೊಸ ಕೃತಕ ಡ್ರಗ್ಸ್ ಅದರಲ್ಲಿ ಸಿಕ್ಕಿಬೀಳುವುದೇ ಇಲ್ಲ. ಕೆಲವು ಸಾಮಾನ್ಯ ಔಷಧಿಗಳೂ ಸುಳ್ಳು ಫಲಿತಾಂಶ ಕೊಡುತ್ತವೆ. 'ಗೊತ್ತಾಗದಂತೆ ಊಟದಲ್ಲಿ ಬೆರೆಸಿ' ಎಂದು ಮಾರುವ ಪುಡಿ, ಹನಿಗಳನ್ನಂತೂ ಮುಟ್ಟಲೇಬೇಡಿ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಅದರಲ್ಲಿದ್ದರೆ, ಅದು ತಿಳಿಯದೆ ಮದ್ಯ ಕುಡಿದವರ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ.

3. ಮಾತಾಡಿ. ಎಲ್ಲರೂ ಎಡವುವುದು ಇಲ್ಲೇ. ಅಮಲಿನಲ್ಲಿದ್ದಾಗ, ಜಗಳದ ನಡುವೆ, ನೆಂಟರ ಮುಂದೆ ಈ ಮಾತು ಬೇಡ. ಬೆಳಗಿನ ಹೊತ್ತು, ಅವರು ಹೆಚ್ಚು ನಂಬುವ ಒಬ್ಬರೇ ಕೂತು ಮಾತಾಡಲಿ. ಇಡೀ ಮನೆ ಸುತ್ತುವರಿದರೆ ಅದು ವಿಚಾರಣೆಯಾಗುತ್ತದೆ. 'ನೀನು ಡ್ರಗ್ಸ್ ತಗೋತೀಯಾ?' ಎಂದು ಕೇಳಿದರೆ 'ಇಲ್ಲ' ಎಂಬ ಉತ್ತರ ಸಿದ್ಧವಾಗಿರುತ್ತದೆ. ಬದಲಿಗೆ ಕಂಡದ್ದನ್ನಷ್ಟೇ ಹೇಳಿ: 'ಮೂರು ದಿನದಿಂದ ಊಟ ಮಾಡ್ತಿಲ್ಲ, ನಿನ್ನೆ ಕೈ ನಡುಗ್ತಿತ್ತು, ನನಗೆ ಭಯ ಆಗ್ತಿದೆ.' ಹೇಳಿ ಸುಮ್ಮನಿರಿ. ಸಿಟ್ಟು ಮಾಡಿಕೊಂಡು ಎದ್ದು ಹೋದರೆ ಹಿಂದೆ ಬೀಳಬೇಡಿ, ಎರಡು ದಿನ ಬಿಟ್ಟು ಅದೇ ಧಾಟಿಯಲ್ಲಿ ಮತ್ತೆ ಮಾತಾಡಿ. 'ಹೌದು' ಅಂದರೆ ಬೈಯಬೇಡಿ. 'ಡಾಕ್ಟರ ಹತ್ರ ನಾನೂ ಬರ್ತೀನಿ' ಅನ್ನಿ. ಸಾಲ ತೀರಿಸುವುದು, ಅವರ ಪರವಾಗಿ ಕೆಲಸದ ಜಾಗಕ್ಕೆ ಸುಳ್ಳು ಹೇಳುವುದು ಮಾತ್ರ ಬೇಡ. ಊಟ, ಆಸರೆ, ಚಿಕಿತ್ಸೆಗೆ ಇಲ್ಲವೆನ್ನಬೇಡಿ.

4. ಕೋಣೆಯಲ್ಲಿ ಕೂಡಿಹಾಕಿ ಬಿಡಿಸಬೇಡಿ. ಮದ್ಯ ಅಥವಾ ಅಲ್‌ಪ್ರಜೋಲಾಮ್, ಡಯಾಜೆಪಾಮ್‌ನಂಥ ನಿದ್ದೆ, ಆತಂಕದ ಮಾತ್ರೆಗಳನ್ನು ಬಹುಕಾಲ ಬಳಸಿ ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬಂದು ಸಾಯಲೂಬಹುದು. ಹೆರಾಯಿನ್ ಬಿಟ್ಟಾಗಿನ ವಾಂತಿ, ಭೇದಿ, ಮೈಕೈ ನೋವಿಗೆ ಬುಪ್ರೆನಾರ್ಫಿನ್, ಮೆಥಡೋನ್‌ನಂಥ ಔಷಧಿಗಳಿವೆ.

5. ಮನೋವೈದ್ಯರನ್ನು ಕಾಣಿ.

6. ಮರುಕಳಿಸುವುದಕ್ಕೆ ಸಿದ್ಧರಾಗಿರಿ. ಕೆಲವು ವಾರ ಬಿಟ್ಟವರ ದೇಹ ಹಳೆಯ ಪ್ರಮಾಣವನ್ನು ತಾಳುವುದಿಲ್ಲ. ಓಪಿಯಾಯ್ಡ್ ಬಳಸುತ್ತಿದ್ದವರಿಗೆ ಆ ಒಂದು ಡೋಸ್ ಪ್ರಾಣಾಂತಕವಾಗಬಹುದು. ಉಸಿರು ನಿಧಾನವಾಗಿ, ತುಟಿ ನೀಲಿಗಟ್ಟಿ, ಎಬ್ಬಿಸಿದರೂ ಏಳದಿದ್ದರೆ ಕೂಡಲೇ ಆಂಬುಲೆನ್ಸ್ ಕರೆಯಿರಿ. ಉಸಿರಾಡುತ್ತಿದ್ದರೆ ಮಗ್ಗುಲಿಗೆ ಮಲಗಿಸಿ. ಓಪಿಯಾಯ್ಡ್ ಪ್ರಭಾವವನ್ನು ತಡೆಯುವ ನಲಾಕ್ಸೋನ್ ಔಷಧಿ ಇದ್ದರೆ ಕೊಡಿ. ಅದರಿಂದ ಎಚ್ಚರವಾದರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು, ಏಕೆಂದರೆ ನಲಾಕ್ಸೋನ್ ಪ್ರಭಾವ 30ರಿಂದ 90 ನಿಮಿಷದಲ್ಲಿ ಇಳಿದು ಉಸಿರು ಮತ್ತೆ ನಿಲ್ಲಬಹುದು.