ಸರ್ಕಾರಿ ಸಹಾಯಧನದಲ್ಲಿ ಮನೆ: ಪಾಯ ತೋಡುವ ಮೊದಲು ಏನೇನು ಮಾಡಬೇಕು?

ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗೋ ಹಮಾಲಿಗೋ ಹೋಗುವವರನ್ನು ಕೇಳಿ ನೋಡಿ, ಕೂಲಿ ಕೈಗೆ ಬಂದ ಕೂಡಲೇ ಮೊದಲು ಎತ್ತಿಡೋದು ಬಾಡಿಗೆಗೆ. ಸ್ವಂತ ಮನೆಗೆ ಸರ್ಕಾರದ ದುಡ್ಡು ಇದೆ ಅನ್ನೋದು ಅವರಿಗೂ ಗೊತ್ತು. ಆದರೆ ಆ ದುಡ್ಡಲ್ಲಿ ಹೆಚ್ಚಿನದು ಸಿಗೋದು ಸೈಟು ಇದ್ದವರಿಗೆ. ಅದಕ್ಕೇ ಸೈಟಿನಿಂದಲೇ ಶುರು ಮಾಡೋಣ.

ಮೊದಲು ಸೈಟಿನ ಖಾತೆ ಯಾರ ಹೆಸರಲ್ಲಿದೆ ನೋಡಿ. ಅಜ್ಜನ ಹೆಸರಲ್ಲೇ ಉಳಿದಿದ್ದರೆ ಅರ್ಜಿ ಮುಂದೆ ಹೋಗಲ್ಲ, ಖಾತೆ ಬದಲಾವಣೆ ಮಾಡಿಸೋಕೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಹಾಗಾಗಿ ಇವತ್ತೇ ಓಡಾಟ ಶುರು ಮಾಡಿ. ಮನೆಯೊಡತಿಯ ಹೆಸರಿಗೆ, ಇಲ್ಲಾಂದ್ರೆ ಗಂಡ ಹೆಂಡತಿ ಇಬ್ಬರ ಹೆಸರಿಗೂ ಇರಲಿ.

ಸೈಟೇ ಇಲ್ವಾ? ನಗರದಲ್ಲಿ ಶಾಸಕರು ಅಧ್ಯಕ್ಷರಾಗಿರುವ ಆಶ್ರಯ ಸಮಿತಿ ಫಲಾನುಭವಿಗಳನ್ನು ಆರಿಸುತ್ತದೆ. ಹಳ್ಳಿಯಲ್ಲಿ ಗ್ರಾಮಸಭೆ. ಗ್ರಾಮಸಭೆಗೆ ತಪ್ಪದೆ ಹೋಗಿ, ಹೆಸರು ಬರೆಸಿ, ಓದಿಸಿ ಕೇಳಿ. ಇಲ್ಲಿ ಒಂದು ಮಾತು ಹೇಳಲೇಬೇಕು: ಊರಾಚೆ ಎಲ್ಲೋ ಸೈಟು ಕೊಟ್ಟರೆ, ನಸುಕಿನಲ್ಲೇ ಭಟ್ಟಿಗೆ ಬರಬೇಕಾದ ತಾಯಿ ಬಸ್ಸಿಲ್ಲದ ಹೊತ್ತಿನಲ್ಲಿ ಹೇಗೆ ಬರಬೇಕು? ಕೆಲಸದ ಹತ್ತಿರ ಜಾಗ ಕೊಡದೆ ಬಡವರ ಮನೆಯ ಕೊರತೆ ತೀರಲ್ಲ.

ಇನ್ನು ಅರ್ಹತೆ. 2024ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0ರಲ್ಲಿ ಸ್ವಂತ ಸೈಟಿನಲ್ಲಿ ಕಟ್ಟಿಕೊಳ್ಳಲು ಮನೆಯ ವರ್ಷದ ಆದಾಯ 3 ಲಕ್ಷ ರೂಪಾಯಿ ಒಳಗಿರಬೇಕು. ಕೇಂದ್ರದ ಪಾಲು 1.5 ಲಕ್ಷ, ರಾಜ್ಯದ್ದು ಬೇರೆ. ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು, ಹಿಂದಿನ 20 ವರ್ಷದಲ್ಲಿ ಸರ್ಕಾರಿ ಮನೆ ಪಡೆದಿರಬಾರದು. ಕುಟುಂಬ ಅಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಅಷ್ಟೇ. ಹಾಗಾಗಿ ಅಪ್ಪನ ಮನೆಯ ಒಂದೇ ಕೋಣೆಯಲ್ಲಿ ಸಂಸಾರ ಮಾಡುತ್ತಿರುವ ಮಗ 'ನಮಗೆ ಬರಲ್ಲ ಬಿಡಿ' ಅಂತ ಸುಮ್ನೆ ಕೂರುವುದು ಬೇಡ.

ಆಧಾರ್, ರೇಷನ್ ಕಾರ್ಡ್, ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ, ಇಷ್ಟು ಇರಲಿ. ಎಲ್ಲದರಲ್ಲೂ ಹೆಸರು ಒಂದೇ ಥರ ಇರಬೇಕು. ನಗರದವರು ಮಹಾನಗರ ಪಾಲಿಕೆಗೆ, ಹಳ್ಳಿಯವರು ಗ್ರಾಮ ಪಂಚಾಯಿತಿಗೆ ಹೋಗಿ. ರಾಜ್ಯದ ಬಸವ ವಸತಿ, ಅಂಬೇಡ್ಕರ್ ನಿವಾಸ್, ದೇವರಾಜ ಅರಸು, ವಾಜಪೇಯಿ ನಗರ ವಸತಿ ಯೋಜನೆಗಳನ್ನೂ ಕೇಳಿ. ಇವನ್ನು ನೋಡಿಕೊಳ್ಳುವುದು ರಾಜೀವ್ ಗಾಂಧಿ ವಸತಿ ನಿಗಮ.

ಜಾಸ್ತಿ ಜನ ಎಡವೋದು ಇಲ್ಲಿಂದ ಮುಂದೆ. ಪಟ್ಟಿಯಲ್ಲಿ ಹೆಸರು ಬಂತು ಅಂತ ಒಳ್ಳೆ ದಿನ ನೋಡಿ ಪಾಯ ತೋಡಿಬಿಡುತ್ತಾರೆ. ಬೇಡ! ಕಾಮಗಾರಿ ಆದೇಶ ಕೈಗೆ ಬರಬೇಕು, ಖಾಲಿ ಸೈಟಿನ ಜಿಪಿಎಸ್ ಫೋಟೊ ಆಗಬೇಕು, ಆಮೇಲೆ ಗುದ್ದಲಿ. ದುಡ್ಡು ಒಂದೇ ಸಲ ಬರಲ್ಲ. ಪಾಯ, ಲಿಂಟಲ್ (ಬಾಗಿಲು, ಕಿಟಕಿ ಮೇಲಿನ ಕಾಂಕ್ರೀಟ್ ಪಟ್ಟಿ), ಛಾವಣಿ, ಪೂರ್ತಿ ಮನೆ, ಹೀಗೆ ಒಂದೊಂದು ಹಂತ ಮುಗಿದು ಫೋಟೊ ಆದ ಮೇಲೆ ನೇರ ಬ್ಯಾಂಕ್ ಖಾತೆಗೆ ಬೀಳುತ್ತದೆ. ಅಂದರೆ ಮೊದಲು ನಿಮ್ಮ ಕೈಯಿಂದ ಹಾಕಬೇಕು. ಕೂಲಿ ಮಾಡುವವರ ಹತ್ತಿರ ಆ ದುಡ್ಡು ಎಲ್ಲಿರುತ್ತೆ? ಮೀಟರ್ ಬಡ್ಡಿಗೆ ತಂದು, ಮೋಲ್ಡ್ ಹಾಕುವ ಹೊತ್ತಿಗೆ ಕೈ ಬರಿದಾಗಿ ನಿಂತ ಗೋಡೆಗಳು ಕಣ್ಣ ಮುಂದಿವೆ. ಮೇಸ್ತ್ರಿ ಹತ್ತಿರ ಲೆಕ್ಕ ಹಾಕಿಸಿ, ಮೊದಲು ಒಂದು ಕೋಣೆ, ಅಡುಗೆಮನೆ, ಶೌಚಾಲಯ ಸಾಕು ಅಂದುಕೊಳ್ಳಿ. ಉಳಿದದ್ದನ್ನು ಆಮೇಲೆ ಸೇರಿಸಬಹುದು. ಸ್ತ್ರೀಶಕ್ತಿ ಸಂಘದ ಸಾಲ ಸಿಕ್ಕರೆ ಕೈಸಾಲಕ್ಕಿಂತ ಎಷ್ಟೋ ವಾಸಿ.

'ಬಿಲ್ ಮಾಡಿಸಿಕೊಡ್ತೀನಿ' ಅಂತ ಬರುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕಂತು ನಿಂತರೆ ಕಾಮಗಾರಿ ಆದೇಶದ ಜೆರಾಕ್ಸ್, ಪಾಸ್‌ಬುಕ್ ಹಿಡಿದು ಪಾಲಿಕೆಗೋ ಪಂಚಾಯಿತಿಗೋ ಹೋಗಿ. ಫೋಟೊ ಯಾವ ದಿನ ತೆಗೆದರು ಅನ್ನೋದನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಂಡಿರಿ, ಅಲ್ಲಿ ಮೊದಲು ಕೇಳೋದೇ ಅದನ್ನು.