ಬೇಸಿಗೆಯ ಹೊಗೆಮಂಜು: ಮಾಸ್ಕ್ ನಂಬಿ ಮಧ್ಯಾಹ್ನ ಹೊರಗೆ ಹೋಗಬೇಡಿ

ಬಿರುಬಿಸಿಲಿದ್ದು ಗಾಳಿ ಅಲುಗಾಡದ ದಿನ, ವಾಹನದ ಹೊಗೆ ಮತ್ತು ಪೆಟ್ರೋಲ್, ಪೇಂಟ್‌ಗಳ ಆವಿ ಬಿಸಿಲಿನಲ್ಲಿ ಬೆರೆತು ನೆಲಮಟ್ಟದಲ್ಲೇ ಓಝೋನ್ ಆಗುತ್ತದೆ. ಬೇಸಿಗೆಯ ಹೊಗೆಮಂಜಿನಲ್ಲಿ ಮುಖ್ಯವಾಗಿ ಇರುವುದು ಶ್ವಾಸಕೋಶಕ್ಕೆ ಕೆಡುಕಾದ ಇದೇ ಅನಿಲ. ಎನ್95 ಮಾಸ್ಕ್ ಕಣಗಳನ್ನು ತಡೆಯುತ್ತದೆ, ಇದನ್ನಲ್ಲ.

ಮಧ್ಯಾಹ್ನದಿಂದ ಸಂಜೆಯವರೆಗೆ ಇದರ ಮಟ್ಟ ಹೆಚ್ಚು. ಓಟ, ಆಟ, ಮೈಬಗ್ಗಿಸುವ ಕೆಲಸ ಬೆಳಿಗ್ಗೆಯೇ ಮುಗಿಸಿ. ಏದುಸಿರು ಬಿಟ್ಟಷ್ಟೂ ಓಝೋನ್ ಶ್ವಾಸಕೋಶದ ಆಳಕ್ಕಿಳಿಯುತ್ತದೆ. ಆ ಹೊತ್ತಿನಲ್ಲಿ ಕಿಟಕಿ ಮುಚ್ಚಿಟ್ಟು, ಹೊತ್ತು ಮುಳುಗಿದ ಮೇಲೆ ತೆರೆಯಿರಿ. ಒಳಗಿನ ಸೆಕೆ ತಡೆಯಲಾಗದಿದ್ದರೆ ಮಾತ್ರ ಹಟ ಬೇಡ, ಬಿಸಿಯೂ ಜೀವಕ್ಕೆ ಅಪಾಯ.

ಏರ್ ಪ್ಯೂರಿಫೈಯರ್‌ಗೆ ಕಣ ಹಿಡಿಯುವ ಹೆಪಾ ಫಿಲ್ಟರ್ ಒಂದೇ ಸಾಲದು, ಅನಿಲ ಹೀರುವ ಆಕ್ಟಿವೇಟೆಡ್ ಕಾರ್ಬನ್ (ವಿಶೇಷ ಇದ್ದಿಲು) ಫಿಲ್ಟರ್ ಬೇಕು. ಗಾಳಿ ಶುದ್ಧಿಗೆಂದು ಓಝೋನ್ ಬಿಡುವ ಯಂತ್ರ ಹಚ್ಚಲೇಬೇಡಿ.

ಆಳವಾಗಿ ಉಸಿರೆಳೆದಾಗ ಎದೆ ಹಿಡಿದು ಒಣಕೆಮ್ಮು ಬಂದರೆ ಕೂಡಲೇ ಒಳಗೆ ಬನ್ನಿ. ಅಸ್ತಮಾ ಇರುವವರ ರಿಲೀವರ್ ಇನ್‌ಹೇಲರ್ (ಉಸಿರು ಕಟ್ಟಿದಾಗ ಎಳೆಯುವ ಔಷಧಿ) ಜೇಬಿನಲ್ಲೇ ಇರಲಿ; ಅದಕ್ಕೂ ಉಸಿರು ಸಡಿಲವಾಗದಿದ್ದರೆ ಆಸ್ಪತ್ರೆಗೆ ಹೊರಡಿ.